ಸೊಳ್ಳೆ ದನಿಯ ಮಾವ

ಟೊಕುಜಿ ತಾತನ ವಿಷಯ ಹೇಳಬೇಕೆಂದರೆ ಮೊದಲು ಅವರ ಅಂಗಡಿಯ ಪರದೆಯಿಂದ ಶುರು ಮಾಡಬೇಕು.

ಒಸಾಕಾ ಪಕ್ಕದ ಅಮಗಸಾಕಿಯ ನಮ್ಮ ಅಂಗಡಿ ಓಣಿಯಲ್ಲಿ ನಮ್ಮದು ಬಿಸಿನೀರಿನ ಸ್ನಾನದ ಮನೆ. ಅದರ ಗೋಡೆಗೆ ಅಂಟಿಕೊಂಡಿರುವುದೇ ತಾತನ ಅಂಗಡಿ. ಅಂಗಡಿ ಒಂದು, ಸಂಸಾರ ಒಂದು, ವ್ಯಾಪಾರ ಮಾತ್ರ ಎರಡು. ಮುಂದಿನ ಅರ್ಧದಲ್ಲಿ ಅವರ ಹೆಂಡತಿ ಕಿನುಯೊ ಅಜ್ಜಿ ಗುಳಿಕಾವಲಿಯ ಮುಂದೆ ನಿಂತು ಟಾಕೊಯಾಕಿ ಬೇಯಿಸುತ್ತಾರೆ. ಒಂದೊಂದು ಹಿಟ್ಟಿನ ಉಂಡೆಯ ಹೊಟ್ಟೆಯಲ್ಲೂ ಒಂದು ತುಂಡು ಆಕ್ಟೋಪಸ್. ಹಿಂದಿನ ಅರ್ಧದಲ್ಲಿ ತಾತ ಹಳೇ ಕ್ಯಾಸೆಟ್ ಡೆಕ್ಕುಗಳನ್ನು ಬಿಚ್ಚಿ ಹರಡಿಕೊಂಡು ಕೂತಿರುತ್ತಾರೆ. ನಡುವೆ ಒಂದು ನೀಲಿ ಪರದೆ. ಆ ಪರದೆಯನ್ನು ಕಿನುಯೊ ಅಜ್ಜಿ ಇವತ್ತಿನವರೆಗೆ ದಾಟಿದವರಲ್ಲ. ಊಟಕ್ಕೆ ಕರೆಯಬೇಕಾದರೆ ಉಂಡೆ ತಿರುಗಿಸುವ ಕಡ್ಡಿಯಿಂದ ಕಾವಲಿಯ ಅಂಚಿಗೆ ಮೂರು ಸಲ ಬಡಿಯುತ್ತಾರೆ. ತಾತ ಎದ್ದು ಬರುತ್ತಾರೆ.

ಪರದೆಯ ಆಚೆ ಯಾಕೆ ಹೋಗುವುದಿಲ್ಲ ಎಂದು ನಾನು ಚಿಕ್ಕವಳಿದ್ದಾಗ ಅಜ್ಜಿಯನ್ನೇ ಕೇಳಿದ್ದೆ. ಅಲ್ಲಿ ಕೊಲೆಗಾರ ಕೂತಿದ್ದಾನೆ ಎಂದು ಹೇಳಿ ನನ್ನ ದೋಣಿಯಾಕಾರದ ತಟ್ಟೆಗೆ ಇನ್ನೊಂದು ಉಂಡೆ ಹಾಕಿದರು. ಆಮೇಲೆ ಒಂದು ತಿಂಗಳು ನಾನು ತಾತನ ಅಂಗಡಿಯ ಮುಂದೆ ಓಡಿಕೊಂಡೇ ಹೋಗುತ್ತಿದ್ದೆ.

ತಾತನನ್ನು ನೋಡಿದರೆ ಸೊಳ್ಳೆ ಹೊಡೆದವರ ಹಾಗೂ ಕಾಣುವುದಿಲ್ಲ. ಎಪ್ಪತ್ತಮೂರು ವರ್ಷ. ಒಂದರ ಮೇಲೊಂದು ಎರಡು ಕನ್ನಡಕ. ಮೂವತ್ತೆಂಟು ವರ್ಷ ಲಿಫ್ಟ್ ಕೂರಿಸುವ ಕೆಲಸ ಮಾಡಿದವರು. ತಾನು ಕೂರಿಸಿದ ಒಂದು ಲಿಫ್ಟೂ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿಲ್ಲ, ಸಿಕ್ಕಿಹಾಕಿಕೊಂಡಿರುವುದು ತಾನೊಬ್ಬನೇ, ಅದೂ ಮದುವೆಯ ದಿನದಿಂದ ಎನ್ನುತ್ತಾರೆ. ಕೆಲಸದಿಂದ ನಿವೃತ್ತರಾದ ಮಾರನೆಯ ದಿನವೇ ಪರದೆಯ ಹಿಂದೆ ಮೇಜು ಹಾಕಿಕೊಂಡು ಡೆಕ್ಕುಗಳ ರಿಪೇರಿ ಶುರು ಮಾಡಿದರು. ಬಿಚ್ಚುವಾಗ ಡೆಕ್ಕಿನೊಂದಿಗೆ ಮಾತಾಡುತ್ತಾರೆ. ಸ್ಕ್ರೂ ಜಾಮ್ ಆಗಿದ್ದರೆ ಬೈಯುವುದಿಲ್ಲ, ಸಮಾಧಾನ ಹೇಳುತ್ತಾರೆ. ಬದಲಾಯಿಸಿದ ಹಳೇ ಭಾಗಗಳನ್ನು ಎಂದೂ ಎಸೆಯುವುದಿಲ್ಲ. ಕಾಗದದಲ್ಲಿ ಪೊಟ್ಟಣ ಕಟ್ಟಿ, ಇದು ನಿಮ್ಮದು, ಇಟ್ಟುಕೊಳ್ಳಿ ಎಂದು ಗಿರಾಕಿಗೇ ಮರಳಿಸುತ್ತಾರೆ.

ಕಾಗದದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಿನುಯೊ ಅಜ್ಜಿಗೆ ಪೊಟ್ಟಣದ ಕಾಗದ ಮಾರುವವನ ಜೊತೆ ತಿಂಗಳಿಗೊಂದು ಜಗಳ ಇದ್ದದ್ದೇ. ಟಾಕೊಯಾಕಿ ಕಟ್ಟಿಕೊಡಲು ಅವರ ಹತ್ತಿರ ತಮ್ಮದೇ ಕಾಗದ ಇದೆ. ಅದರ ಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡು ನಗುವ ಕೆಂಪು ಆಕ್ಟೋಪಸ್, ಕೆಳಗೆ ಅಂಗಡಿಯ ಹೆಸರು. ಕಟ್ಟಿಗೆ ಐನೂರು ಹಾಳೆ ಎಂದು ಹೇಳಿ ನಾನೂರ ಎಪ್ಪತ್ತು ಕೊಡುತ್ತೀಯಾ ಎಂದು ಅಜ್ಜಿ, ಎಣಿಸಿಯೇ ಕೊಟ್ಟಿದ್ದೇನೆ ತಾಯಿ ಎಂದು ಅವನು. ಓಣಿಗೆಲ್ಲ ಇದು ಬಿಟ್ಟಿ ಮನರಂಜನೆ.

ತಾತನ ಇನ್ನೊಂದು ಚಟ ಅವರ ಭಾಷಣ. ಡೆಕ್ ಹೊತ್ತು ಯಾರೇ ಬಂದರೂ ಮೊದಲ ಪ್ರಶ್ನೆ ಒಂದೇ: ಪೂರ್ವದ್ದೋ ಪಶ್ಚಿಮದ್ದೋ? ನಮ್ಮ ದೇಶದ ಕರೆಂಟಿಗೆ ಎರಡು ನಾಡಿ ಇರುವುದು ಶಾಲೆಯ ಮಕ್ಕಳಿಗೂ ಗೊತ್ತು. ಪೂರ್ವಕ್ಕೆ, ಟೋಕಿಯೊ ಕಡೆ, ಸೆಕೆಂಡಿಗೆ ಐವತ್ತು ಬಡಿತ; ನಗೋಯಾದಿಂದ ಈಚೆ, ನಮ್ಮ ಪಶ್ಚಿಮದಲ್ಲಿ, ಅರವತ್ತು. ಈಗಿನ ಯಂತ್ರಗಳಿಗೆ ಇದರ ಗೊಡವೆಯೇ ಇಲ್ಲ. ಆದರೆ ಐವತ್ತು ವರ್ಷ ಹಿಂದಿನ ಕೆಲವು ಡೆಕ್ಕುಗಳ ಮೋಟರು ಕರೆಂಟಿನ ನಾಡಿ ಹಿಡಿದೇ ಓಡುತ್ತಿತ್ತು. ಅದಕ್ಕಾಗಿ ಮೋಟರಿನ ತುದಿಗೆ ಪೂರ್ವಕ್ಕೊಂದು ದಪ್ಪ ಗಾಲಿ, ಪಶ್ಚಿಮಕ್ಕೊಂದು ಸಣ್ಣ ಗಾಲಿ. ದಪ್ಪ ಗಾಲಿ ಇಟ್ಟುಕೊಂಡೇ ಪಶ್ಚಿಮಕ್ಕೆ ಬಂದರೆ ಟೇಪು ಓಡೋಡಿ ಹಾಡುತ್ತದೆ, ಎಮ್ಮೆ ಹೋಗಿ ಮೇಕೆಯಾಗುತ್ತದೆ. ತಾತ ಇದನ್ನು ಡೆಕ್ಕಿನ ರಬ್ಬರ್ ಬೆಲ್ಟ್ ಕೊಳ್ಳಲು ಬಂದವರಿಗೂ ಹೇಳುತ್ತಾರೆ, ದಾರಿ ಕೇಳಲು ಬಂದವರಿಗೂ ಹೇಳುತ್ತಾರೆ.

ಇಷ್ಟು ತಿಳಿದ ಮನುಷ್ಯ ಕೊಲೆಗಾರ ಆದದ್ದು ಹೇಗೆ ಅಂದರೆ, ಅದು ನಲವತ್ತೈದು ವರ್ಷ ಹಿಂದಿನ ಮಾತು.

ಕಿನುಯೊ ಅಜ್ಜಿ ಪೂರ್ವದವರು. ಐಜು ಬೆಟ್ಟಗಳ ನಡುವಿನ ಹಿಮದ ಊರು. ಅಪ್ಪ ಯಸಬುರೊ ಮರದ ಚಪ್ಪಲಿ ಕೆತ್ತುತ್ತಿದ್ದರು. ದೊಡ್ಡ ಕಂಠ ಅವರದು. ಆ ಕಡೆ ಮದುಮಗಳನ್ನು ಕಳಿಸುವಾಗ ಅವಳ ಬಟ್ಟೆಯ ಪೆಟ್ಟಿಗೆ ಹೊರುವ ಹಾಡು ಹಾಡುತ್ತಾರೆ. ಸುತ್ತಲ ಏಳು ಹಳ್ಳಿಗಳಲ್ಲಿ ಯಾವ ಮನೆಯ ಹುಡುಗಿ ಹೊರಟರೂ ಹಾಡುವವರು ಯಸಬುರೊ. ತಮ್ಮ ಮಗಳ ಮದುವೆ ಅಮಗಸಾಕಿಯಲ್ಲಿ, ಫೆಬ್ರವರಿಯಲ್ಲಿ ನಿಶ್ಚಯವಾಯಿತು. ಹದಿನೈದು ದಿನ ಇದೆ ಅನ್ನುವಾಗ ಸೂರಿನ ಮೇಲಿನ ಹಿಮ ತಳ್ಳಲು ಹೋಗಿ ಹಿಮದ ಜೊತೆ ತಾವೂ ಕೆಳಗೆ ಬಂದರು. ಕಾಲು ಮುರಿಯಿತು. ಹಾಡದೆ ಮಗಳನ್ನು ಕಳಿಸಲು ಮನಸ್ಸಾಗದೆ ಒಂದು ಕ್ಯಾಸೆಟ್ ಡೆಕ್ ತರಿಸಿ, ಮಲಗಿದಲ್ಲೇ ಹಾಡಿ, ಟೇಪನ್ನೂ ಡೆಕ್ಕನ್ನೂ ಮಗನ ಕೈಯಲ್ಲಿ ಮದುವೆಗೆ ಕಳಿಸಿಕೊಟ್ಟರು.

ಡೆಕ್ ಬಂದದ್ದು ಮದುವೆಯ ಹಿಂದಿನ ಸಂಜೆ. ಹೊಸ ಅಳಿಯನಿಗೆ ಯಂತ್ರ ಕಂಡರೆ ಕೈ ತುರಿಕೆ. ಮುಚ್ಚಳ ತೆಗೆದು, ಒಳಗಿನ ಧೂಳು ಒರೆಸಿ, ಮತ್ತೆ ಮುಚ್ಚಿದರು. ಮಾಡಿದ್ದು ಅಷ್ಟೇ. ಮುಚ್ಚುವಾಗ ಸ್ಕ್ರೂಡ್ರೈವರ್ ಜಾರಿ ಮರದ ಅಂಚಿನಲ್ಲಿ ಹಕ್ಕಿಯ ಕೊಕ್ಕಿನಂಥ ಒಂದು ಗೀರು ಬಿತ್ತು.

ಮರುದಿನ ಅರವತ್ತು ಜನರ ಮುಂದೆ ಟೇಪ್ ಹಾಕಿದರು. ಏಳು ಹಳ್ಳಿಗೆ ಕೇಳುವ ಗಂಟಲಿನ ಬದಲು ಗಾಜಿನ ಲೋಟದಲ್ಲಿ ಸಿಕ್ಕಿಕೊಂಡ ಸೊಳ್ಳೆಯೊಂದು ಅವಸರ ಅವಸರವಾಗಿ ಹಾಡತೊಡಗಿತು. ಮೊದಲು ಮಕ್ಕಳು ನಕ್ಕರು. ಆಮೇಲೆ ಟೊಕುಜಿ ತಾತನ ದೊಡ್ಡಪ್ಪನ ಮೂಗಿನಿಂದ ಕುಡಿಯುತ್ತಿದ್ದ ಸಾಕೆ ಮದ್ಯ ಹೊರಬಂತು. ಅದನ್ನು ನೋಡಿ ಇಡೀ ಹಾಲ್ ನಕ್ಕಿತು. ಮದುಮಗಳು ಬಿಳಿ ಕಿಮೊನೋ ಎತ್ತಿ ಹಿಡಿದು, ಎದ್ದು ಬಂದು, ಹಾಡಿನ ಮಧ್ಯದಲ್ಲೇ ಟೇಪ್ ನಿಲ್ಲಿಸಿದರು.

ಆಗ ತಾತನ ತಾಯಿ ಒಂದು ಸರಿಯಾದ ಪ್ರಶ್ನೆ ಕೇಳಿದರಂತೆ: ಈ ಯಂತ್ರ ಪೂರ್ವದ್ದಾ? ಆ ಅತ್ತೆ ಸೊಸೆಯ ಜೊತೆ ಬಂದ ಒಂದೊಂದು ಸಾಮಾನನ್ನೂ ತಿರುವಿ ನೋಡುವ ಪೈಕಿ. ಮದುಮಗಳು ತಡಮಾಡದೆ, ಅಲ್ಲ, ನಗೋಯಾದಲ್ಲಿರುವ ಸೋದರಮಾವ ಅಲ್ಲಿಯೇ ದೊಡ್ಡ ಅಂಗಡಿಯಲ್ಲಿ ಹೊಸದಾಗಿ ಕೊಂಡು ಕಳಿಸಿದ್ದು ಎಂದರು. ನಗೋಯಾ ಅಂದರೆ ಅರವತ್ತರ ಕರೆಂಟು. ಅಲ್ಲಿಗೆ ಯಂತ್ರದ ಮೇಲಿನ ಅನುಮಾನ ಹೋಯಿತು. ಉಳಿದವರು ಯಾರು? ಹಿಂದಿನ ಸಂಜೆ ಸ್ಕ್ರೂಡ್ರೈವರ್ ಹಿಡಿದಿದ್ದ ಮದುಮಗ. ಅಪ್ಪನ ದನಿಯನ್ನು ಕೊಂದವರು ಅವರೇ ಎಂದು ಮದುಮಗಳು ತೀರ್ಮಾನಿಸಿದರು.

ಆ ದಿನ ಐಜುವಿನಿಂದ ಅಪ್ಪನ ಫೋನ್ ಬಂತು, ಹಾಡು ಹೇಗಿತ್ತು ಎಂದು. ಎಲ್ಲರ ಕಣ್ಣಲ್ಲೂ ನೀರು ಬಂತು ಎಂದರು ಮಗಳು. ಅದು ಸುಳ್ಳೂ ಅಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಅಪ್ಪ ತೀರಿಹೋದರು. ಟೇಪು ಚಹಾದ ಡಬ್ಬಿ ಸೇರಿತು, ಡೆಕ್ಕು ಮಹಡಿಯ ಕಪಾಟಿಗೆ ಹೋಯಿತು. ಇನ್ನೊಂದು ಸಲ ಉಜ್ಜಿದರೆ ಇರುವಷ್ಟು ದನಿಯೂ ಹೋಗುತ್ತದೆ ಎಂದು ಅಜ್ಜಿ ಟೇಪನ್ನು ಮತ್ತೆ ಯಾವ ಯಂತ್ರಕ್ಕೂ ಹಾಕಲಿಲ್ಲ. ತಾತ ಕಾಡಿದರು, ಬೇಡಿದರು. ಡೆಕ್ಕಿನ ಹತ್ತಿರ ಬಿಡಲಿಲ್ಲ. ಆಮೇಲೆ ತಾತ ಊರವರ ಡೆಕ್ಕುಗಳನ್ನು ಬಿಚ್ಚಿ ಬಿಚ್ಚಿ ಕಲಿತರು. ಆರುನೂರಕ್ಕಿಂತ ಹೆಚ್ಚು ಬಿಚ್ಚಿದ್ದಾರೆ. ಬಿಚ್ಚಬೇಕೆಂದಿದ್ದ ಒಂದು ಮಾತ್ರ ಅವರ ತಲೆಯ ಮೇಲೇ ಇತ್ತು, ಮಹಡಿಯ ಕಪಾಟಿನಲ್ಲಿ.

ಹೋದ ಶರತ್ಕಾಲದಲ್ಲಿ ಅವರ ಒಬ್ಬಳೇ ಮಗಳು ನಾಗಿಸ ಅಕ್ಕ ಮದುವೆಗೆ ಒಪ್ಪಿದಳು. ನಲವತ್ತಮೂರು ವರ್ಷ, ಸಿಟಿ ಬಸ್ಸಿನ ಡ್ರೈವರು. ಹುಡುಗ ಅದೇ ಡಿಪೋದ ಮೆಕ್ಯಾನಿಕ್. ಕಚೇರಿಯಲ್ಲಿ ಸಹಿ ಹಾಕಿ ಮುಗಿಸುವುದು, ಭಾನುವಾರ ಮಧ್ಯಾಹ್ನ ಅಂಗಡಿಯಲ್ಲೇ ಹನ್ನೆರಡು ಜನಕ್ಕೆ ಊಟ. ಉಡುಗೊರೆಯೂ ಬೇಡ, ಹೊಸ ಕಿಮೊನೋವೂ ಬೇಡ, ಐಜು ತಾತನ ಹಾಡು ಬೇಕು ಅಂದಳು. ಸೊಳ್ಳೆಯ ಹಾಗಿದ್ದರೂ ಪರವಾಗಿಲ್ಲ, ನನ್ನ ತಾತನ ಸೊಳ್ಳೆ ತಾನೇ ಅಂದಳು.

ಕಿನುಯೊ ಅಜ್ಜಿ ಎರಡು ದಿನ ಉಂಡೆಗಳನ್ನು ಸೀಯಿಸಿದರು. ಮೂರನೆಯ ದಿನ ಬೆಳಿಗ್ಗೆ, ತಾತ ಬೆಲ್ಟ್ ಕೊಳ್ಳಲು ಹೋಗಿದ್ದಾಗ, ರಜಾಯಿಯ ಹೊದಿಕೆಯಲ್ಲಿ ಸುತ್ತಿದ ದೊಡ್ಡದೊಂದು ಗಂಟು ಹೊತ್ತುಕೊಂಡು ನಮ್ಮ ಸ್ನಾನದ ಮನೆಗೆ ಬಂದರು. ನಾನು ಟಿಕೆಟ್ ಮೇಜಿನಲ್ಲಿದ್ದೆ.

"ಚಿಹಾರು, ಇದನ್ನ ಒಸಾಕಾದ ನಿಪ್ಪೊಂಬಾಶಿಯಲ್ಲಿರೋ ಕುರಮೋಚಿ ರಿಪೇರಿ ಅಂಗಡಿಗೆ ಕೊಟ್ಟು ಬಾ. ನಿಂದು ಅಂತ ಹೇಳು. ಆ ಮನುಷ್ಯ ಬಿಳಿ ಕೈಗವಸು ಹಾಕ್ಕೊಂಡು ಕೆಲಸ ಮಾಡ್ತಾನಂತೆ."

ಪಕ್ಕದಲ್ಲೇ ತಾತ ಇರುವಾಗ ಯಾಕೆ ಎಂದು ನಾನು ಕೇಳಿದೆ. ತಪ್ಪು ನನ್ನದೇ.

"ಒಂದು ಸಲ ಕೊಂದೋರ ಕೈಗೇ ಹೆಣ ಕೊಟ್ಟು ಬದುಕಿಸಿ ಅನ್ನಬೇಕಾ?" ಅಂದರು.

ಕುರಮೋಚಿಯವರ ಅಂಗಡಿ ಆಸ್ಪತ್ರೆಯಂತಿತ್ತು. ಗಾಜಿನ ಕಪಾಟುಗಳಲ್ಲಿ ಡೆಕ್ಕುಗಳು ಮಲಗಿದ್ದವು. ಅವರು ನಿಜವಾಗಿಯೂ ಬಿಳಿ ಕೈಗವಸಿನಲ್ಲೇ ಡೆಕ್ ಎತ್ತಿಕೊಂಡು, ಬಾಗಿ ನಮಸ್ಕಾರ ಮಾಡಿ, ಇಂಥ ಹಳೆಯದಕ್ಕೆ ತಮ್ಮ ವಿಶೇಷ ತಜ್ಞರಿದ್ದಾರೆ, ಹತ್ತು ದಿನ ಬೇಕು ಎಂದರು. ಟೇಪನ್ನು ಅಜ್ಜಿ ನನ್ನ ಕೈಗೂ ಕೊಟ್ಟಿರಲಿಲ್ಲ. ಅದು ಚಹಾದ ಡಬ್ಬಿಯಲ್ಲೇ ಇತ್ತು.

ಬುಧವಾರ ನಾನು ಬಾಗಿಲಿನ ಹತ್ತಿರ ಗುಡಿಸುತ್ತಿದ್ದೆ. ಕೊರಿಯರ್‌ನವನು ಟೊಕುಜಿ ತಾತನ ಹಿಂಬಾಗಿಲಿಗೆ ಒಂದು ಪೆಟ್ಟಿಗೆ ಇಳಿಸಿದ. ಮೇಲೆ ಕುರಮೋಚಿ ಎಂದು ಬರೆದಿತ್ತು. ನನ್ನ ಕೈಯಿಂದ ಪೊರಕೆ ಬಿತ್ತು. ಒಳಗಿನಿಂದ ಹಲಗೆ ಕೀಳುವ ಸದ್ದು, ಕಾಗದ ಹರಿಯುವ ಸದ್ದು. ಆಮೇಲೆ ತಾತ ನನ್ನನ್ನು ಕರೆದರು.

ಡೆಕ್ಕು ಮೇಜಿನ ಮೇಲಿತ್ತು. ತಾತನ ಬೆರಳು ಅದರ ಮರದ ಅಂಚಿನ ಗೀರಿನ ಮೇಲಿತ್ತು.

"ಇದು ಯಾರದು, ಮಗು?"

ಕುರಮೋಚಿಯವರದು ಇರಬೇಕು ಎಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದಂತೆ. ತಾತ ಎರಡೂ ಕನ್ನಡಕ ತೆಗೆದು ನನ್ನ ಕಿವಿಗಳನ್ನೇ ನೋಡಿದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬಿಳಿ ಕೈಗವಸಿನ ಮಾತು ಬಂದಾಗ ತಾತನಿಗೆ ನಗು ತಡೆಯಲಿಲ್ಲ. ಕುರಮೋಚಿಗೆ ಸ್ಕ್ರೂಡ್ರೈವರಿನ ಯಾವ ತುದಿ ಹಿಡಿಯಬೇಕೆಂದೂ ಗೊತ್ತಿಲ್ಲ, ಹದಿನೈದು ವರ್ಷದಿಂದ ಅವನ ವಿಶೇಷ ತಜ್ಞ ತಾನೇ ಎಂದರು. ನಗು ನಿಂತ ಮೇಲೆ ಡೆಕ್ಕಿನ ಮೇಲೆ ಒಂದು ದೊಡ್ಡ ಟವೆಲ್ ಹೊದಿಸಿದರು. ಪರದೆಯ ಆಚೆ ಅಜ್ಜಿ ಯಾರಿಗೋ ಚಿಲ್ಲರೆ ಕೊಡುತ್ತಿದ್ದರು.

ಹಾಗೆ ಶುರುವಾಯಿತು. ಆರು ಮೊಳ ದೂರದಲ್ಲಿ ಹೆಂಡತಿ, ಟವೆಲ್ಲಿನ ಕೆಳಗೆ ಅವಳ ಅಪ್ಪನ ಡೆಕ್ಕು, ನಡುವೆ ನೀಲಿ ಪರದೆ. ಅಜ್ಜಿ ಒಳಗೆ ಬರುವುದಿಲ್ಲ ನಿಜ, ಆದರೆ ಪರದೆ ಗಾಳಿಗೆ ಏಳುತ್ತದೆ. ಅದು ಎದ್ದಾಗಲೆಲ್ಲ ತಾತ ಟವೆಲ್ಲಿನ ಮೇಲೆ ಮಲಗಿಬಿಡುತ್ತಿದ್ದರು. ಮೇಜಿನ ಮೇಲೆ ಮಲಗುವಷ್ಟು ವಯಸ್ಸಾಯಿತಾ ನಿಮಗೆ ಎಂದು ಅಜ್ಜಿ ಆಚೆಯಿಂದಲೇ ಕೇಳಿದರು. ತಾತ ಹೌದು ಎಂದರು.

ಮೊದಲ ದಿನ ಮುಚ್ಚಳ, ಗುಂಡಿಗಳು, ಮುಂದಿನ ಹಲಗೆ. ಎರಡನೆಯ ದಿನ ಬೆಲ್ಟುಗಳು. ಬೆಲ್ಟು ಅಂದರೆ ಮಾತಿಗೆ ಬೆಲ್ಟು, ನಲವತ್ತೈದು ವರ್ಷದಲ್ಲಿ ಕರಗಿ ಡಾಂಬರಾಗಿ ಒಳಗೆಲ್ಲ ಅಂಟಿಕೊಂಡಿದ್ದವು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದಷ್ಟೂ ಬಂತು. ತಾತನ ಹತ್ತು ಬೆರಳೂ ಕಪ್ಪು. ಆ ಕೈ ತೊಳೆಯಲು ನಮ್ಮ ಸ್ನಾನದ ಮನೆಗೆ ಬಂದರು, ಒಂದು ಇಡೀ ಸೋಪು ಮುಗಿಸಿದರು, ಹೋಗಲಿಲ್ಲ. ಊಟದ ಹೊತ್ತಿಗೆ ಅಜ್ಜಿ ಕೈ ನೋಡಿ ಇದೇನು ಎಂದರಂತೆ. ತಾತ ಸೈಕಲ್ ಚೈನು ಎಂದರಂತೆ.

"ನಿಮ್ಮ ಸೈಕಲ್ ಹೋದ ವರ್ಷವೇ ಕಳುವಾಯ್ತಲ್ಲ," ಎಂದರಂತೆ ಅಜ್ಜಿ.

ಮೂರನೆಯ ದಿನದ್ದನ್ನು ನಾನು ಕಣ್ಣಾರೆ ನೋಡಿದೆ. ಒಂದು ಸಣ್ಣ ಉಕ್ಕಿನ ಕ್ಲಿಪ್ಪು, ಎಳ್ಳಿಗಿಂತ ಒಂದಿಷ್ಟು ದೊಡ್ಡದು, ಒಳಗಿನ ಒಂದು ಚಕ್ರವನ್ನು ಹಿಡಿದಿಟ್ಟಿತ್ತು. ತಾತ ಚಿಮಟದಿಂದ ಅದನ್ನು ಎಬ್ಬಿಸಿದರು. ಅದು ಟಿಂಗ್ ಎಂದು ಹಾರಿ, ಪರದೆಯ ಮೇಲಿನ ಸಂದಿಯಿಂದ ಆಚೆ ಹೋಯಿತು. ಆಚೆ ಅಜ್ಜಿ ಆಗತಾನೇ ಮೂವತ್ತೆರಡು ಗುಳಿಗಳಿಗೆ ಹಿಟ್ಟು ಹೊಯ್ದು ಈರುಳ್ಳಿ ಸೊಪ್ಪು ಉದುರಿಸುತ್ತಿದ್ದರು. ನಾವಿಬ್ಬರೂ ಪರದೆಯ ಅಂಚಿನಿಂದ ಇಣುಕಿದೆವು. ಅಜ್ಜಿಯ ಕಡ್ಡಿ ಸರಸರ ಓಡಿ ಮೂವತ್ತೆರಡು ಉಂಡೆಗಳನ್ನೂ ತಿರುಗಿಸಿತು.

ಅಂಥ ಕ್ಲಿಪ್ಪು ಈಗ ಎಲ್ಲೂ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಹೊತ್ತಿಗೆ ಬ್ಯಾಂಕಿನ ಇಬ್ಬರು ಹುಡುಗಿಯರು ಬಂದು ನಿಂತಿದ್ದರು.

ತಾತ ಎದ್ದು ಮುಂದೆ ಹೋದರು. ನಲವತ್ತೈದು ವರ್ಷದಲ್ಲಿ ಹೆಂಡತಿಯ ಟಾಕೊಯಾಕಿಯನ್ನು ಚೆನ್ನಾಗಿದೆ ಎಂದು ಒಂದು ಸಲವೂ ಹೇಳದವರು, ಇವತ್ತು ಯಾಕೋ ತುಂಬ ಆಸೆಯಾಗಿದೆ, ಕಾವಲಿಯಲ್ಲಿರುವುದೆಲ್ಲ ನನಗೇ ಬೇಕು ಎಂದರು. ಅಜ್ಜಿ ಕಡ್ಡಿ ಕೆಳಗಿಟ್ಟು ಗಂಡನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ನಾಲ್ಕು ತಟ್ಟೆ ತುಂಬಿ ಕೊಟ್ಟರು. ಗಂಡ ಹಿಂದೆ ಹೋದ ಮೇಲೆ ಬ್ಯಾಂಕಿನ ಹುಡುಗಿಯರಿಗೆ, ಮಗಳ ಮದುವೆ ಹತ್ತಿರ ಬಂತಲ್ಲ, ಮನುಷ್ಯ ಮೆತ್ತಗಾಗಿದ್ದಾನೆ ಎಂದು ಹೇಳಿದ್ದು ನನಗೆ ಕೇಳಿಸಿತು. ಅವರ ದನಿಯೂ ಸ್ವಲ್ಪ ಮೆತ್ತಗಿತ್ತು.

ನಮ್ಮ ಗಂಡಸರ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, ಬೆಂಚಿನ ಮೇಲೆ ಮೂವತ್ತೆರಡು ಉಂಡೆಗಳನ್ನು ಸಾಲಾಗಿ ಜೋಡಿಸಿ, ತಾತ ಒಂದೊಂದರ ಮೇಲೂ ಅಯಸ್ಕಾಂತ ಹಿಡಿದರು. ಸ್ನಾನಕ್ಕೆ ಬಂದ ಮೂವರು ಮುದುಕರು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಸುತ್ತ ನಿಂತು ನೋಡಿದರು. ಏನು ಎತ್ತ ಎಂದು ಯಾರೂ ಕೇಳಲಿಲ್ಲ. ಅಯಸ್ಕಾಂತ ಮುಂದೆ ಹೋಗುತ್ತಿದ್ದಂತೆ ಅವರೂ ಒಂದೊಂದು ಹೆಜ್ಜೆ ಮುಂದೆ ಸರಿದರು. ಇಪ್ಪತ್ತೇಳನೆಯ ಉಂಡೆ ಸಣ್ಣಗೆ ಅಲುಗಾಡಿ ಮಗ್ಗುಲು ಬದಲಾಯಿಸಿತು. ಮುದುಕರು ಚಪ್ಪಾಳೆ ತಟ್ಟಿದರು. ಉಳಿದ ಮೂವತ್ತೊಂದನ್ನು ನಾವು ಐದು ಜನ ತಿಂದೆವು. ತಾತ ಒಂಬತ್ತು ತಿಂದರು. ಒಂಬತ್ತನೆಯದನ್ನು ಬಾಯಲ್ಲಿಟ್ಟುಕೊಂಡು, ಇವಳು ಚೆನ್ನಾಗಿಯೇ ಮಾಡುತ್ತಾಳೆ ಎಂದರು. ಆ ಮಾತು ಹೇಳಬೇಕಾದವರ ಮುಂದೆ ಹೇಳಲಿಲ್ಲ.

ನಾಲ್ಕನೆಯ ದಿನ ಮೋಟರಿಗೆ ಕೈ ಹಾಕಿದರು. ಅದರ ತುದಿಯಲ್ಲೊಂದು ಹಿತ್ತಾಳೆ ಗಾಲಿ. ದಪ್ಪ ಗಾಲಿ. ಡಾಂಬರು ಒರೆಸಿ ದೀಪಕ್ಕೆ ಹಿಡಿದರೆ, ಮೇಲೆ ಸಣ್ಣಗೆ ಕೆತ್ತಿದ್ದು ಕಾಣಿಸಿತು: ಐವತ್ತು.

ತಾತ ಮೋಟರನ್ನು ಪಕ್ಕಕ್ಕಿಟ್ಟು ಡೆಕ್ಕಿನ ಅಡಿಭಾಗ ತಿರುಗಿಸಿ ನೋಡಿದರು. ಮದುವೆಯ ಹಿಂದಿನ ಸಂಜೆ ಅವರು ಮೇಲಿನ ಮುಚ್ಚಳ ಮಾತ್ರ ತೆಗೆದಿದ್ದರು, ಅಡಿಭಾಗ ನೋಡಿರಲಿಲ್ಲ. ಅಲ್ಲಿ ಅಂಗೈಯಗಲದ ಒಂದು ಹಳದಿ ಚೀಟಿ ಅಂಟಿತ್ತು. ನಗೋಯಾದ ದೊಡ್ಡ ಅಂಗಡಿಯದಲ್ಲ. ಐಜುವಿನ ಒಂದು ಗಿರವಿ ಅಂಗಡಿಯದು. ಬಿಡಿಸಿಕೊಳ್ಳದ ಮಾಲು, ಎಂದು ಬರೆದಿತ್ತು.

ತಾತನ ಹತ್ತಿರ ಒಂದು ಪರೀಕ್ಷೆ ಟೇಪಿದೆ. ಮೂವತ್ತು ವರ್ಷ ಹಿಂದೆ ಅಂಗಡಿ ಮುಂದೆ ಹಾಕಲು ಅಜ್ಜಿಯ ದನಿಯಲ್ಲೇ ತುಂಬಿಸಿದ್ದು, ಬಿಸಿ ಬಿಸಿ ಇದ್ದಾವೆ ಬನ್ನಿ ಬನ್ನಿ ಅಂತ. ಅಜ್ಜಿ ಅಜ್ಜಿಯಂತೆ ಕೇಳಿಸಿದರೆ ಡೆಕ್ ಸರಿಯಾಗಿದೆ ಎಂದು ಲೆಕ್ಕ. ತಾತ ಹೊಸ ಬೆಲ್ಟ್ ಹಾಕಿ, ಐವತ್ತರ ಗಾಲಿಯನ್ನು ತೆಗೆಯದೆ, ಆ ಟೇಪ್ ಹಾಕಿ ಇಯರ್‌ಫೋನ್‌ನ ಒಂದು ತುದಿ ನನಗೆ ಕೊಟ್ಟರು. ಕಿನುಯೊ ಅಜ್ಜಿ ಸೊಳ್ಳೆಯಾಗಿ ಬನ್ನಿ ಬನ್ನಿ ಎಂದು ಕೂಗಿದರು. ನಾವಿಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು, ಮೇಜು ಅಲುಗಾಡಿತು. ಆಮೇಲೆ ತಾತ ಥಟ್ಟನೆ ಟೇಪ್ ನಿಲ್ಲಿಸಿದರು. ಆ ದಿನ ಮದುವೆಯ ಹಾಲ್‌ನಲ್ಲಿ ಎಲ್ಲರೂ ನಗುವಾಗ ತಾನೂ ಒಂದು ಕ್ಷಣ ನಕ್ಕಿದ್ದೆ, ಅವಳು ನೋಡಿಬಿಟ್ಟಿದ್ದಳು ಎಂದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ನಾನು ಸುಮ್ಮನಿರಲಿಲ್ಲ. ಈಗಲೇ ಗಾಲಿ, ಚೀಟಿ ಎರಡನ್ನೂ ಹಿಡಿದುಕೊಂಡು ಪರದೆ ಸರಿಸಿ ಆಚೆ ಹೋಗಿ ಎಂದೆ. ಕೊಲೆ ಮಾಡಿದ್ದು ನೀವಲ್ಲ, ಕರೆಂಟು. ಮುಚ್ಚಿಟ್ಟದ್ದು ಅಜ್ಜಿ. ನಲವತ್ತೈದು ವರ್ಷ ಬೈಸಿಕೊಂಡಿದ್ದೀರಿ, ಒಂದು ನಿಮಿಷದಲ್ಲಿ ಗೆಲ್ಲುತ್ತೀರಿ.

ತಾತ ಸ್ಪಿರಿಟ್ ಅದ್ದಿದ ಹತ್ತಿಯಿಂದ ಆ ಹಳದಿ ಚೀಟಿಯನ್ನು ಒರೆಸತೊಡಗಿದರು.

"ನಮ್ಮಮ್ಮ ಎಂಥವಳು ಅಂತ ನಿಂಗೊತ್ತಿಲ್ಲ. ಗಿರವಿ ಅಂಗಡಿ ಅಂದಿದ್ರೆ ಈ ಹುಡುಗಿ ಸಾಯೋವರೆಗೂ ಕೇಳಬೇಕಿತ್ತು. ಇಪ್ಪತ್ತೊಂದು ವರ್ಷದ ಹುಡುಗಿ, ಈ ಚೀಟಿ ನೋಡಿರ್ಬೇಕು, ನಗೋಯಾ ಅಂದ್ಳು. ನಾನಾಗಿದ್ರೂ ಅಂತಿದ್ದೆ."

ಮತ್ತೆ ನಿಮಗೆ ಬಂದ ಕೆಟ್ಟ ಹೆಸರು ಎಂದೆ ನಾನು.

"ನಾನು ಗೆದ್ದರೆ, ನಾಳೆಯಿಂದ ಅವಳು ಬೈಯೋದು ಯಾರನ್ನ? ಅವಳನ್ನೇ ತಾನೇ?" ಚೀಟಿ ಪೂರಾ ಹೋಯಿತು. ಗೀರಿನ ಜಾಗವನ್ನೂ ಒಮ್ಮೆ ಒರೆಸಿದರು. "ನನಗಾದ್ರೆ ಅಭ್ಯಾಸ ಆಗಿದೆ."

ತಮ್ಮ ಡಬ್ಬಿಯಿಂದ ಅರವತ್ತರ ಗಾಲಿ ಹುಡುಕಿ ಹಾಕಿದರು. ಈ ಸಲ ಇಯರ್‌ಫೋನ್‌ನಲ್ಲಿ ಅಜ್ಜಿ ಅಜ್ಜಿಯಂತೆಯೇ ಕೂಗಿದರು. ಡೆಕ್ ಪೆಟ್ಟಿಗೆಗೆ ಹೋಗಿ ಕುರಮೋಚಿಗೆ ವಾಪಸಾಯಿತು. ಮುಂದಿನ ವಾರದ ಶನಿವಾರ ನಾನು ರೈಲಿನಲ್ಲಿ ಹೋಗಿ ಅದನ್ನು ತಂದೆ. ಬಿಳಿ ಕೈಗವಸು ಮತ್ತೆ ಬಾಗಿ ನಮಸ್ಕಾರ ಮಾಡಿ, ತೆಗೆದ ಹಳೇ ಭಾಗಗಳನ್ನು ಮರಳಿಸುವುದು ನಮ್ಮ ಪದ್ಧತಿ ಎಂದು ಅಂಗಡಿಯ ಹೆಸರಿನ ಚಿನ್ನದ ಬಣ್ಣದ ಚೀಲವೊಂದನ್ನು ಕೊಟ್ಟಿತು. ಬಾಯಿ ಅಂಟಿಸಿದ್ದ ಚೀಲ, ನಾನು ತೆರೆಯಲಿಲ್ಲ. ತೆರೆದಿದ್ದರೆ ಈ ಕಥೆ ಬೇರೆ ತರಹ ಮುಗಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಅಂಗಡಿಯ ಮುಂಭಾಗದಲ್ಲಿ ಹನ್ನೆರಡು ಜನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತೆವು. ಒಂದು ಕಡೆ ನಾಗಿಸ ಅಕ್ಕ, ಅವಳ ಮೆಕ್ಯಾನಿಕ್, ಅವನ ಅಪ್ಪ ಅಮ್ಮ, ಇಬ್ಬರು ಅಕ್ಕಂದಿರು, ಇಬ್ಬರು ಭಾವಂದಿರು; ಇನ್ನೊಂದು ಕಡೆ ಅಜ್ಜಿ, ತಾತ, ನಾವು ನೆರೆಯವರು. ಕಾವಲಿ ಆರಿಸಿ ಅದರ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಡೆಕ್ ಇಟ್ಟಿದ್ದರು. ಕಿನುಯೊ ಅಜ್ಜಿ ಚಹಾದ ಡಬ್ಬಿ ತೆರೆದು ಟೇಪ್ ತೆಗೆದರು. ಬೀಗರಿಗೆ, ಇದನ್ನು ರಿಪೇರಿ ಮಾಡಿದ್ದು ಒಸಾಕಾದ ದೊಡ್ಡ ತಜ್ಞರು, ಕೈಗೆ ಒಂದು ಕಲೆ ಆಗದ ಹಾಗೆ ಕೆಲಸ ಮಾಡುವವರು ಎಂದು ಹೇಳಿ, ಗಂಡನ ಉಗುರುಗಳ ಕಡೆ ನೋಡಿದರು. ತಾತ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಗುಂಡಿ ಒತ್ತಿದರು. ಸ್ವಲ್ಪ ಹೊತ್ತು ಬರೀ ಸರ್ ಎನ್ನುವ ಸದ್ದು. ಆಮೇಲೆ ದನಿ ಬಂತು.

ಸೊಳ್ಳೆ ಅಲ್ಲ. ಬೆಟ್ಟದ ಆ ಕಡೆಯಿಂದ ನಿಧಾನವಾಗಿ ಭಾರ ಹೊತ್ತು ನಡೆದು ಬರುವವರ ದನಿ. ಮೇಜಿನ ಮೇಲಿನ ಬಟ್ಟಲುಗಳು ಸಣ್ಣಗೆ ನಡುಗಿದವು. ಯಾರೂ ನಗಲಿಲ್ಲ. ಮದುಮಗನ ಅಪ್ಪ ಚಾಪ್‌ಸ್ಟಿಕ್ ಕೆಳಗಿಟ್ಟು ನೆಟ್ಟಗೆ ಕೂತರು. ಕಿನುಯೊ ಅಜ್ಜಿ ಆರಿಸಿದ ಕಾವಲಿಯ ಗ್ಯಾಸನ್ನು ಮತ್ತೆ ಮತ್ತೆ ಆರಿಸುತ್ತಿದ್ದರು. ನಾಗಿಸ ಅಕ್ಕ ಅತ್ತಳು, ಅದನ್ನು ನೋಡಿ ಮೆಕ್ಯಾನಿಕ್ಕೂ ಅತ್ತ. ಹಾಡು ಅಜ್ಜಿ ಅಂದು ನಿಲ್ಲಿಸಿದ್ದ ಜಾಗವನ್ನು ದಾಟಿತು. ಮುಂದೆ ಇನ್ನೆರಡು ಚರಣ ಇದ್ದವು. ಅಜ್ಜಿಯೂ ಅವನ್ನು ಈ ಟೇಪಿನಲ್ಲಿ ಕೇಳುತ್ತಿರುವುದು ಮೊದಲ ಸಲ.

ಹಾಡು ಮುಗಿಯಿತು. ಅಜ್ಜಿ ನಿಲ್ಲಿಸಲು ಕೈ ಚಾಚಿದರು. ಅಷ್ಟರಲ್ಲಿ ಟೇಪಿನಲ್ಲಿ ಯಾರೋ ಕೆಮ್ಮಿದರು. ಯಸಬುರೊ ಮಾತಾಡತೊಡಗಿದರು, ಗುಟ್ಟು ಹೇಳುವ ದನಿಯಲ್ಲಿ, ಆದರೆ ಗಂಟಲು ಏಳು ಹಳ್ಳಿಯದು.

"ಕಿನುಯೊ, ಹಾಡು ಮುಗೀತು ಕಣವ್ವ, ಇನ್ನು ನೀನೊಬ್ಳೇ ಕೇಳು. ಈ ಪೆಟ್ಗೆ ಗಿರವಿ ಅಂಗ್ಡೀದು. ಬೀಗ್ರ ಮುಂದೆ ಹೇಳ್‌ಬ್ಯಾಡ."

ಹನ್ನೆರಡು ಜನ ಕೇಳಿಸಿಕೊಂಡರು. ಅದರಲ್ಲಿ ಆರು ಜನ ಬೀಗರು.

"ಅಂಗ್ಡಿಯೋನು ಇನ್ನೂ ಏನೋ ಅಂದ. ಪಡುವಣ ಸೀಮೇಲಿ ಕರೆಂಟು ಬಿರ್ರನೆ ಓಡ್ತದಂತೆ, ಒಳಗೆ ಅದ್ಯಾವ್ದೋ ಗಾಲಿ ಬದ್ಲಾಯಿಸ್ಬೇಕಂತೆ. ನಂಗೇನು ತಿಳೀತದೆ, ಚಪ್ಲಿ ಕೆತ್ತೋನು. ಅಳಿಯಂದ್ರ ಕೈಗೆ ಕೊಡು. ಮಿಸಿನ್ನು ಬಲ್ಲೋರು ಅವ್ರು. ಸರಿ ಮಾಡ್ಕೊಡ್ತಾರೆ."

ಟೇಪು ಖಟ್ ಎಂದು ನಿಂತಿತು.

ಟೊಕುಜಿ ತಾತ ಛಾವಣಿ ನೋಡುತ್ತಿದ್ದರು. ಬೀಗರು ತಮ್ಮ ತಮ್ಮ ಬಟ್ಟಲು ನೋಡುತ್ತಿದ್ದರು. ಮದುಮಗನ ಅಮ್ಮ ಮೆಲ್ಲಗೆ, ನನ್ನ ಮದುವೆಯ ಕಿಮೊನೋ ಕೂಡ ಗಿರವಿ ಅಂಗಡಿಯದೇ, ಇವರಿಗೆ ಇವತ್ತೇ ಗೊತ್ತಾಗುತ್ತಿರುವುದು ಎಂದರು. ಅವರ ಗಂಡ ತಿರುಗಿ ನೋಡಿದರು.

ಕಿನುಯೊ ಅಜ್ಜಿಗೆ ಅದೊಂದೂ ಕೇಳಿಸಲಿಲ್ಲ. ಗಾಲಿ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ತಂದಿದ್ದ ಚಿನ್ನದ ಬಣ್ಣದ ಚೀಲವನ್ನು ಎಳೆದುಕೊಂಡು ಬಾಯಿ ಹರಿದರು. ಒಳಗಿನಿಂದ ಒಂದು ಸಣ್ಣ ಪೊಟ್ಟಣ ಮೇಜಿನ ಮೇಲೆ ಬಿತ್ತು. ಪೊಟ್ಟಣದ ಮೇಲೆ ಹಣೆಗೆ ಪಟ್ಟಿ ಕಟ್ಟಿಕೊಂಡ ಕೆಂಪು ಆಕ್ಟೋಪಸ್ ನಗುತ್ತಿತ್ತು.

ಇಷ್ಟು ವರ್ಷದ ಕೈ ಅಭ್ಯಾಸ. ಪರದೆಯ ಕೆಳಗಿನಿಂದ ಕೈ ಹಾಕಿ ಕಟ್ಟಿನಿಂದ ಒಂದು ಹಾಳೆ ಎಳೆದುಕೊಳ್ಳುವುದು, ಪೊಟ್ಟಣ ಕಟ್ಟುವುದು. ಈ ಸಲ ಯಾರಿಗೆ ಕಟ್ಟುತ್ತಿದ್ದೇನೆ ಎಂದು ತಾತ ಯೋಚಿಸಿಯೇ ಇರಲಿಲ್ಲ.

ಅಜ್ಜಿ ಪೊಟ್ಟಣ ಬಿಚ್ಚಿದರು. ಹಿತ್ತಾಳೆ ಗಾಲಿಯನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣಿಗೆ ಹತ್ತಿರ ತಂದು, ಐವತ್ತು ಎಂಬುದನ್ನು ಓದಿದರು. ಓದಿ, ಗಂಡನನ್ನು ನೋಡಿದರು. ಅವರ ಕಪ್ಪು ಉಗುರುಗಳನ್ನು ನೋಡಿದರು. ಹೋದ ವಾರ ಮೇಜಿನ ಮೇಲೆ ಮಲಗಿದ್ದು, ಸೈಕಲ್ ಚೈನು, ಮೂವತ್ತೆರಡು ಟಾಕೊಯಾಕಿ, ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಬಂದು ಹೋದದ್ದು ನನಗೆ ಕಾಣಿಸಿತು. ತಪ್ಪಾಯಿತು ಎನ್ನುತ್ತಾರೇನೋ ಎಂದು ನಾವೆಲ್ಲ ಕಾದೆವು. ಕೊನೆಗೆ ಅವರು ಆ ಕಾಗದವನ್ನು ಎತ್ತಿ ಹಿಡಿದರು.

"ರೀ. ಇಷ್ಟು ವರ್ಷ ನನ್ನ ಕಾಗದ ಕದೀತಿದ್ದೋರು ನೀವಾ?"

ತಾತ ತೊಡೆಯ ಕೆಳಗಿನಿಂದ ಕೈಗಳನ್ನು ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟರು.

"ಹೌದು ಕಣೆ," ಅಂದರು. "ಅದು ಮಾತ್ರ ನಾನೇ."

ಅಜ್ಜಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗಾಲಿಯ ಜೊತೆ ಚಹಾದ ಡಬ್ಬಿಗೆ ಹಾಕಿದರು. ನಾಳೆ ಕಾಗದದವನು ಬಂದರೆ ಅವನಿಗೆ ಒಂದು ತಟ್ಟೆ ಬಿಟ್ಟಿ ಕೊಡಬೇಕು ಎಂದು ನನಗೆ ಹೇಳಿದರು. ಆಮೇಲೆ ಟೇಪನ್ನು ಮೊದಲಿಗೆ ತಿರುಗಿಸಿ, ಡೆಕ್ಕನ್ನು ಗಂಡನ ಕಡೆಗೆ ತಳ್ಳಿದರು.

"ನೀವೇ ಒತ್ತಿ," ಎಂದರು. "ಅಪ್ಪ ಹೇಳಿದ್ದು ಕೇಳಿಸ್ತಲ್ಲ."